ಒಂದೇ ಮೊಲದ ಆ್ಯಂಟಿಬಾಡಿ

ಸೋಮವಾರ ಬೆಳಿಗ್ಗೆ ಸವಣೂರಿನ ಬಸ್ಸಿಳಿದು ಶಿಗ್ಗಾಂವದ ನಮ್ಮ ಲ್ಯಾಬಿಗೆ ಬಂದರೆ ಫ್ರೀಜರಿನ ಸ್ವಿಚ್ಚು ಬಂದ್ ಆಗಿತ್ತು. ಒಳಗೆ ನನ್ನ ಆ್ಯಂಟಿಬಾಡಿ ಕರಗಿ ನೀರಾಗಿತ್ತು.

ಬೆರಳುದ್ದದ ಟ್ಯೂಬು ಅದು. ಭತ್ತದ ರೋಗಾಣುವಿನ ಒಂದು ಪ್ರೋಟೀನನ್ನು ಮೊಲಕ್ಕೆ ಚುಚ್ಚಿ, ಅದರ ರಕ್ತದಿಂದ ತೆಗೆದದ್ದು. ಎಲೆಯ ರಸದಲ್ಲಿ ಆ ಪ್ರೋಟೀನು ಇದ್ದರೆ ಇದು ಹೋಗಿ ಹಿಡಿದುಕೊಳ್ಳುತ್ತದೆ, ಪರೀಕ್ಷೆಯ ಹಾಳೆಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಆ ಮೊಲ ಸತ್ತು ವರ್ಷವಾಯಿತು. ಬೇರೆ ಮೊಲ ತಂದರೆ ಅದರ ಗುಣವೇ ಬೇರೆ, ನನ್ನ ಎರಡು ವರ್ಷದ ಕೆಲಸ ಮತ್ತೆ ಮೊದಲಿನಿಂದ. ಪಿಎಚ್‌ಡಿಗೆ ಇನ್ನು ಹಾನಗಲ್ಲ ತಾಲೂಕಿನ ಹನ್ನೆರಡು ಹೊಲಗಳ ಎಲೆ ಮಾತ್ರ ಬಾಕಿ ಇತ್ತು.

"ಯಾರ್ರಿ ಬಂದ್ ಮಾಡಿದ್ದು?" ಎಂದು ಕೂಗಿದೆ.

"ನಾನ ರೀ, ಫರ್ಜಾನಾ ಅಕ್ಕಾರ," ಎಂದರು ಅಟೆಂಡರ್ ಯಲ್ಲಪ್ಪ. ತಿಳವಳ್ಳಿಯವರು, ನನ್ನ ಅಪ್ಪನ ವಯಸ್ಸು. "ಶನಿವಾರ ಕರೆಂಟ್ ಹೋಗೂದು ಬರೂದು ಮಾಡಾಕತ್ತಿತ್ತು. ನಮ್ಮ ಹೊಲದಾಗ ಹಿಂಗ ಆಗಿ ಎರಡು ಮೋಟರ್ ಸುಟ್ಟಾವ. ಇದೂ ಸುಟ್ಟೀತು ಅಂತ ಬಂದ್ ಮಾಡಿ ಹೋದ್ನಿರಿ."

"ಇದು ನಿಮ್ಮ ಬೋರಿನ ಮೋಟರ್ ಅಲ್ಲ ಕಾಕಾ! ನಾ ಮಾಡಿದ್ದೆಲ್ಲಾ ಹೊಳ್ಯಾಗ ಹುಣಸಿಹಣ್ಣು ಕಿವುಚಿದಂಗ ಆತು!"

ಇಡೀ ಲ್ಯಾಬು ಕೆಲಸ ಬಿಟ್ಟು ನೋಡಿತು. ಅವರು ತಲೆ ತಗ್ಗಿಸಿ ಹೊರಗೆ ಹೋದರು.

ಅತ್ತುಕೊಂಡು ಕೂರುವವಳು ನಾನಲ್ಲ. ಸತ್ತಿದೆಯೋ ಬದುಕಿದೆಯೋ ಇವತ್ತೇ ಗೊತ್ತಾಗಲಿ ಎಂದು ಹಟ ಹಿಡಿದೆ. ರೋಗದ ಎಲೆ ಒಂದು, ಒಳ್ಳೆಯ ಎಲೆ ಒಂದು, ಎರಡರ ರಸವನ್ನೂ ಹಾಳೆಗೆ ಏರಿಸಿ, ಆ್ಯಂಟಿಬಾಡಿ ಬರೀ ಹಾಳೆಗೆ ಅಂಟದಂತೆ ಕೆನೆ ತೆಗೆದ ಹಾಲಿನಪುಡಿಯ ನೀರಿನಲ್ಲಿ ನೆನೆಸಿ, ಅದನ್ನು ಹಾಕಿದೆ. ಊಟಕ್ಕೂ ಏಳಲಿಲ್ಲ. ಸಂಜೆ ನಾಲ್ಕಕ್ಕೆ ಗೆರೆ ಮೂಡಿತು. ರೋಗದ ಎಲೆಗೆ ಮಾತ್ರ, ಆದರೆ ಬಲು ತೆಳುವಾಗಿ.

ಎಷ್ಟು ಕೆಟ್ಟಿದೆ ನೋಡೋಣವೆಂದು ಹಳೆಯ ಹಾಳೆಗಳ ಫೋಟೊಗಳನ್ನು ತಾರೀಖಿನ ಪ್ರಕಾರ ಮೇಜಿನ ಮೇಲೆ ಹರಡಿದೆ. ಹೋಲಿಕೆಗೆಂದು ಪ್ರತಿ ಸಲವೂ ಕುಂಡದ ಅದೇ ರೋಗದ ಗಿಡದಿಂದ ತಾಜಾ ಎಲೆ ಹಾಕುತ್ತಿದ್ದೆ. ಜೂನಿನಲ್ಲಿ ಗೆರೆ ಕಾಡಿಗೆಯಷ್ಟು ಕಪ್ಪು. ಆಗಸ್ಟಿನಲ್ಲಿ ಬೂದು. ಕಳೆದ ಗುರುವಾರ, ಅಂದರೆ ಕಾಕಾ ಸ್ವಿಚ್ಚು ಮುಟ್ಟುವ ಎರಡು ದಿನ ಮೊದಲು, ಇವತ್ತಿನಷ್ಟೇ ತೆಳು.

ಸಣ್ಣ ಸಣ್ಣ ಟ್ಯೂಬಿಗೆ ಹಂಚಿಡು, ಒಂದನ್ನು ಒಂದೇ ಸಲ ಕರಗಿಸು, ಕರಗಿಸಿ ಗಟ್ಟಿ ಮಾಡಿದಷ್ಟೂ ಅದರ ಶಕ್ತಿ ಕುಂದುತ್ತದೆ ಎಂದು ಗೈಡ್ ಮೊದಲ ದಿನವೇ ಹೇಳಿದ್ದರು. ನಾನು ಎಣ್ಣೆ ಡಬ್ಬಿ ಬೋರಲು ಹಾಕಿ ಕೊನೆಯ ಹನಿ ಇಳಿಸುವ ಮನೆಯ ಮಗಳು. ಹಂಚಿದರೆ ಪ್ರತಿ ಟ್ಯೂಬಿಗೂ ಅಂಟಿ ಒಂದೊಂದು ಹನಿ ದಂಡವಾಗುತ್ತದೆ ಎಂದು ಜಿಪುಣತನ ಮಾಡಿದ್ದೆ. ಇಡೀ ಟ್ಯೂಬನ್ನೇ ಪ್ರತಿ ಸಲ ಕರಗಿಸಿ, ಮತ್ತೆ ಗಟ್ಟಿಯಾಗಲು ಇಟ್ಟಿದ್ದೆ. ಕಾಕಾ ಅದನ್ನು ಕರಗಿಸಿದ್ದು ಒಂದು ಸಲ. ನಾನು ಇಪ್ಪತ್ತಾರು ಸಲ.

ಆ್ಯಂಟಿಬಾಡಿಯನ್ನು ನಾಲ್ಕು ಪಟ್ಟು ಹೆಚ್ಚು ಹಾಕಿದರೆ ಗೆರೆ ಓದಬಹುದು. ಉಳಿದದ್ದಕ್ಕೆ, ಫ್ರೀಜರಿನಲ್ಲೂ ಗಟ್ಟಿಯಾಗದಂತೆ, ಗ್ಲಿಸರಿನ್ ಬೆರೆಸಿ ಹನ್ನೆರಡು ಪುಟ್ಟ ಟ್ಯೂಬಿಗೆ ಹಂಚಿದೆ, ಹೊಲಕ್ಕೊಂದು. ಮುಗಿಸಿಯೇ ತೀರುತ್ತೇನೆ ಎಂದುಕೊಂಡು ಹೊರಗೆ ಬಂದೆ.

ಯಲ್ಲಪ್ಪ ಕಾಕಾ ಮೆಟ್ಟಿಲ ಮೇಲೆ ಕೂತಿದ್ದರು. ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

"ಕಾಕಾ, ಕೆಡಿಸಿದ್ದು ನೀವಲ್ರಿ, ನಾನ. ನಿಮಗ ಎಲ್ಲಾರ ಮುಂದ ಬೈದ್ನಿರಿ. ನಾಳೆ ಎಲ್ಲಾರ ಮುಂದ ಹೇಳ್ತೇನಿ."

"ಅದು ಇರ್ಲಿ ಬಿಡ್ರಿ," ಎಂದರು. "ಗೆರಿ ಬಂತೇನ್ರಿ?"

ಅದೊಂದನ್ನು ಕೇಳಲೆಂದೇ ಅವರು ತಿಳವಳ್ಳಿಯ ಎರಡು ಬಸ್ಸು ಬಿಟ್ಟು ಕೂತಿದ್ದರು.