ಸ್ನಾಯು ಬಲಗೊಂಡಿದೆ

ಅವನು ತನ್ನ ಕ್ಲಿನಿಕ್ಕಿನಲ್ಲಿ ತೊಳೆದು ಒಣಗಿಸಿದ ಬ್ಯಾಂಡೇಜುಗಳನ್ನು ಸುರುಳಿ ಸುತ್ತಿ ಡಬ್ಬಕ್ಕೆ ಹಾಕುತ್ತಿದ್ದ. ಅಕ್ಕ ಎದುರಿನ ಬೆಂಚಿನ ಮೇಲೆ ಕೂತು ನೋಡುತ್ತಿದ್ದಳು. ಕೊನೆಯ ಸುರುಳಿ ಮುಗಿದಾಗ ಅವಳು ಎದ್ದಳು.

"ಹೊರಡೋಣ್ವಾ? ಮಗು ಕಾರಲ್ಲಿ ಕಾಯ್ತಿದಾಳೆ. ರಿಪೋರ್ಟ್ ಹನ್ನೊಂದಕ್ಕಂತೆ."

ಅವನು ಫಿಸಿಯೋಥೆರಪಿಸ್ಟ್. ಮನೆಯಲ್ಲಿ ಯಾರ ಕತ್ತು ಹಿಡಿದುಕೊಂಡರೂ, ಯಾರ ಸೊಂಟ ಉಳುಕಿದರೂ ಅವನ ಮುಂದೆ ಹಾಜರು. ಅಕ್ಕನ ಮಗಳು, ಹದಿನಾಲ್ಕರವಳು, ಮಂಡಿಯ ಮೇಲ್ಗಡೆ, ತೊಡೆಯಲ್ಲೊಂದು ಗಂಟಿದೆ ಎಂದಾಗಲೂ ಅಷ್ಟೇ. ಒತ್ತಿ ನೋಡಿದ. ನೋವಿಲ್ಲ ಎಂದಳು. ನೋವಿಲ್ಲದ್ದಕ್ಕೆ ಹೆದರಬೇಕಿಲ್ಲ ಎಂದು ಅವನೇ ತೀರ್ಮಾನಿಸಿದ. ಓಡಿ ಓಡಿ ಸ್ನಾಯು ಬಿಗಿದುಕೊಂಡಿದೆ ಅಂತ ಐದು ತಿಂಗಳು ತಿಕ್ಕಿದ, ವ್ಯಾಯಾಮ ಮಾಡಿಸಿದ. ವಾರವಾರವೂ ಟೇಪು ಹಿಡಿದು ತೊಡೆಯ ಸುತ್ತಳತೆ ಬರೆದ. ಅರ್ಧ ಸೆಂಟಿಮೀಟರು ಹೆಚ್ಚಿತು, ಒಂದಾಯಿತು, ಎರಡಾಯಿತು. ಪಕ್ಕದಲ್ಲಿ ತನ್ನ ದುಂಡು ಅಕ್ಷರದಲ್ಲಿ ಬರೆದ: ಸ್ನಾಯು ಬಲಗೊಂಡಿದೆ.

"ನಾನು ಪೈಲ್ವಾನ್ ಆಗ್ತಿದೀನಾ ಮಾಮಾ?" ಎಂದು ಅವಳು ನಕ್ಕಿದ್ದಳು. ಅವನೂ ನಕ್ಕಿದ್ದ. ಗಂಟು ಕರಗದಿದ್ದಾಗ ಅಕ್ಕನೇ ಆಸ್ಪತ್ರೆಗೆ ಕರೆದೊಯ್ದಿದ್ದಳು, ಅಲ್ಲಿ ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು.

ಆಸ್ಪತ್ರೆಯಲ್ಲಿ ಹುಡುಗಿಯನ್ನು ಹೊರಗೆ ಕೂರಿಸಿ ಇಬ್ಬರೇ ಒಳಗೆ ಹೋದರು. ವೈದ್ಯೆ ಕಾಗದದಿಂದ ಕಣ್ಣೆತ್ತದೆ ಹೇಳಿದರು.

"ಸೈನೋವಿಯಲ್ ಸಾರ್ಕೋಮ ಅಂತ. ಮೃದು ಅಂಗಾಂಶದಲ್ಲಿ ಹುಟ್ಟೋ ಕ್ಯಾನ್ಸರ್. ಅಪರೂಪ. ಬಂದ್ರೆ ಹೆಚ್ಚಾಗಿ ಎಳೇ ವಯಸ್ಸಲ್ಲೇ. ಕೀಲಿನ ಹತ್ರ ನಿಧಾನಕ್ಕೆ ಬೆಳೆಯುತ್ತೆ. ಎಷ್ಟೋ ಸಲ ನೋವೇ ಇರಲ್ಲ."

"ಕಾಲು?" ಎಂದಳು ಅಕ್ಕ.

"ಉಳಿಸೋಕೇ ನೋಡ್ತೀವಿ. ಮೊದಲು ಎದೆ ಸ್ಕ್ಯಾನ್ ಆಗ್ಲಿ, ಹರಡಿದ್ಯಾ ನೋಡೋಣ. ಇದಕ್ಕೆ ಮುಂಚೆ ಯಾರಿಗಾದ್ರೂ ತೋರಿಸಿದ್ರಾ?"

ಅವನು ಬಾಯಿ ತೆರೆದ.

"ಇಲ್ಲ," ಎಂದಳು ಅಕ್ಕ.

ವೈದ್ಯೆ ಹಾಗೇ ಬರೆದುಕೊಂಡರು. ಅವನಿಗೆ ಹಗುರಾಯಿತು, ಹಗುರಾದದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು. ಅಕ್ಕ ತನ್ನನ್ನು ಉಳಿಸಿದಳೋ, ಆ ಐದು ತಿಂಗಳ ಲೆಕ್ಕದಿಂದಲೇ ಒರೆಸಿ ಹಾಕಿದಳೋ ತಿಳಿಯಲಿಲ್ಲ.

ಬಾಗಿಲ ಬಳಿ ಅವಳ ತೋಳು ಹಿಡಿದ. "ಯಾಕೆ ಸುಳ್ಳು ಹೇಳ್ದೆ?"

"ಬಿಡು."

"ನಾನೇ ಹೋಗಿ ಹೇಳ್ತೀನಿ, ಅಕ್ಕಾ."

"ಹೇಳು. ನಿನಗೆ ನಿರಾಳ ಆಗುತ್ತೆ. ಅವಳಿಗೇನಾಗುತ್ತೆ?"

ಅವನು ಒಳಗೆ ಹೋಗಲಿಲ್ಲ.

ಹುಡುಗಿ ಹೊರಗೆ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದಳು. ದಾರಿಗಡ್ಡವಾಗಿದ್ದ ಆ ಕಾಲನ್ನು ಜನ ನೋಡದೆಯೇ ಬಳಸಿಕೊಂಡು ಹೋಗುತ್ತಿದ್ದರು. ಅವಳು ಅಮ್ಮನ ಮುಖ ನೋಡಿದಳು, ಅವನ ಮುಖ ನೋಡಿದಳು. ಏನಂದರು ಎಂದು ಕೇಳಲಿಲ್ಲ.

ಅವನು ಎರಡೂ ಕೈಗಳನ್ನು ಜೇಬಿಗೆ ತುರುಕಿಕೊಂಡ. ಒಳಗೆ ಹೆಬ್ಬೆರಳುಗಳು ತಾವಾಗಿಯೇ ಬಟ್ಟೆಯನ್ನು ಹಿಡಿದು, ನಿಧಾನವಾಗಿ, ವೃತ್ತಾಕಾರವಾಗಿ ತಿಕ್ಕುತ್ತಿದ್ದವು.

"ಮಾಮಾ, ಕೂತೂ ಕೂತೂ ಕಾಲು ಜೋಮು ಹಿಡಿದಿದೆ. ಒಂಚೂರು ಒತ್ತು."