ಕಡಿಮೆ ತೋರಿಸು

ಹಸಿರು, ಏನೋ ಒಂದು ಹಸಿರು, ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿಯೇ ಬಿಟ್ಟಿತು, ಅದರ ಹಿಂದಿನ ಫೋಟೊ ಮಾತ್ರ ಚೆನ್ನಾಗಿ ಕಂಡಿತು, ತಮ್ಮನ ಹಲ್ಲು — ಮೂವತ್ತೆರಡೂ ಕಾಣುವ ಹಾಗೆ ನಗುವುದು ಅವನಿಗೆ ಹುಟ್ಟಿನಿಂದಲೇ ಬಂದದ್ದು, ಪಕ್ಕದಲ್ಲಿ ಮಗಳು, ಅವಳದೂ ಅದೇ ನಗು. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಒಬ್ಬನೇ ಕೂತವನು ಮಗಳ ಫೋನಿಗೆ ಹೊಸ ಸ್ಕ್ರೀನ್ ಕೂರಿಸಿ, ಬೆಳಗುತ್ತದೋ ಇಲ್ಲವೋ ಎಂದು ಗುಂಡಿ ಒತ್ತಿದ್ದನಷ್ಟೆ, ಬೆಳಗಿದ್ದೇ ತಡ ಫೋನು ತಾನಾಗಿ, ನಿಮ್ಮ ವರ್ಷ ಸಿದ್ಧವಾಗಿದೆ, ಎಂದು ಹೇಳಿ, ಹಾಡು ಹಾಕಿಕೊಂಡು, ಹನ್ನೆರಡು ತಿಂಗಳ ಫೋಟೊಗಳನ್ನು ಓಡಿಸತೊಡಗಿತು — ಯಾರು ಕೇಳಿದ್ದರು ಅದನ್ನು. ಗಿರಾಕಿಯ ಫೋನಾಗಿದ್ದರೆ ಮುಖ ತಿರುಗಿಸುತ್ತಿದ್ದ, ಹದಿನಾರು ವರ್ಷದಿಂದ ಪರರ ಫೋಟೊ ನೋಡಿದವನಲ್ಲ, ಅಂಗಡಿಯ ಮರ್ಯಾದೆ ಇರುವುದೇ ಅದರಲ್ಲಿ, ಆದರೆ ಇದು ಮಗಳದು, ಲಾಕಿನ ನಂಬರು ಅವಳೇ ಹೇಳಿದ್ದಾಳೆ, ಅಪ್ಪ ಬೇಗ ಮಾಡ್ಕೊಡು, ವರ್ಷದ ಕೊನೇ ದಿನ, ಸಂಜೆ ಎಲ್ರೂ ಟಿವಿಯಲ್ಲಿ ನನ್ನ ವಿಡಿಯೊ ನೋಡ್ಬೇಕು, ಚಿಕ್ಕಪ್ಪಾನೂ ಬರ್ತಾನೆ. ಚಿಕ್ಕಪ್ಪ ಬಾರದ ದಿನ ಯಾವುದು.

ಜನವರಿಯಲ್ಲಿ ತಮ್ಮ, ಈಜುಕೊಳದ ಪಕ್ಕ, ಮಗಳ ತಲೆಯ ಮೇಲೆ ಟವೆಲ್. ಮಾರ್ಚಿನಲ್ಲಿ ತಮ್ಮ, ಪರೀಕ್ಷೆ ಮುಗಿದ ದಿನ ಶಾಲೆಯ ಗೇಟಿನ ಮುಂದೆ — ಅವತ್ತು ತಾನೂ ಹೊರಟಿದ್ದ, ಒಂದು ಕಾಲು ಚಪ್ಪಲಿಗೂ ಹಾಕಿದ್ದ, ಅಷ್ಟರಲ್ಲಿ ನೀರಿಗೆ ಬಿದ್ದ ಫೋನು ಹಿಡಿದು ಡಾಕ್ಟರಮ್ಮ ಬಂದರು, ಅರ್ಜೆಂಟು ಎಂದರು, ಯಾರದು ಅರ್ಜೆಂಟಲ್ಲ. ಮೇ ತಿಂಗಳಲ್ಲಿ ತಮ್ಮ, ಜುಲೈಯಲ್ಲಿ ತಮ್ಮ, ಅವನ ಕೈ ಉದ್ದ, ಸೆಲ್ಫಿ ಅವನೇ ತೆಗೆಯುತ್ತಾನೆ. ಅವನಿಗೇನು, ಮದುವೆಯಿಲ್ಲ ಮಕ್ಕಳಿಲ್ಲ, ಮನೆಯಲ್ಲೇ ಕಂಪ್ಯೂಟರ್ ಮುಂದೆ ನಾಲ್ಕು ಗಂಟೆ ಕುಟ್ಟಿದರೆ ಅಂದಿನ ಕೆಲಸ ಮುಗಿಯಿತು, ಮಿಕ್ಕ ಹೊತ್ತೆಲ್ಲ ಅಣ್ಣನ ಮಗಳಿಗೆ. ಹುಟ್ಟುತ್ತಾ ಅಣ್ಣತಮ್ಮಂದಿರು ಬೆಳೆಯುತ್ತಾ ದಾಯಾದಿಗಳು ಎಂದವರು ಆಸ್ತಿ ನೋಡಿ ಹೇಳಿದ್ದು, ಇಲ್ಲಿ ಪಾಲಿಗೆ ಬಿದ್ದದ್ದು ಮಗಳು. ಮೊದಲು ವರ್ಷ ಮುಗಿದರೆ ಮನುಷ್ಯ ತಾನೇ ಕೂತು ಯಾರು ಬೇಕಾದವರು ಯಾರು ಬೇಡದವರು ಎಂದು ಯೋಚಿಸುತ್ತಿದ್ದ, ಸುಳ್ಳನ್ನೂ ಹೇಳಿಕೊಳ್ಳಬಹುದಿತ್ತು, ಈಗ ಈ ಯಂತ್ರ ಮುಖ ಎಣಿಸಿ ಹೇಳಿಬಿಡುತ್ತದೆ. ಅವನೂ ಎಣಿಸಿದ, ಇನ್ನೊಮ್ಮೆ ಓಡಿಸಿ, ನಲವತ್ತು ಫೋಟೊ, ತಮ್ಮ ಇಪ್ಪತ್ತಾರರಲ್ಲಿ, ಹೆಂಡತಿ ನಾಲ್ಕರಲ್ಲಿ, ಪಕ್ಕದ ಮನೆಯ ನಾಯಿ ಮೂರರಲ್ಲಿ, ತಾನು — ಒಂದರಲ್ಲೂ ಇಲ್ಲ. ನಾಯಿಗಿಂತ ಕಡೆಯಾದೆನೇ. ಕೊನೆಯಲ್ಲಿ ಆ ಹಸಿರು ಬಂತು, ಹೋಯಿತು, ಹುಲ್ಲೋ ಏನೋ, ತಮ್ಮನ ಮನೆಯ ಸೋಫಾ ಹಸಿರು ಅಲ್ಲವೇ, ಅದೇ ಇರಬೇಕು, ಮುಗಿಸುವುದೂ ಅವನ ಮನೆಯಲ್ಲೇ.

ಹೆಂಡತಿ ಅನ್ನುತ್ತಾಳೆ, ನಿಮ್ಮ ತಮ್ಮನೇ ತಾನೆ, ಯಾರೋ ಹೊರಗಿನವನಾ. ಹೊರಗಿನವನಾಗಿದ್ದರೆ ಬಾಯಿ ತುಂಬ ಬಯ್ಯಬಹುದಿತ್ತಲ್ಲ ಮಾರಾಯ್ತಿ. ಆ ತಮ್ಮನಿಗೆ ಸೈಕಲ್ ಕಲಿಸಿದ್ದು ಯಾರು, ಮೊಣಕಾಲು ತರಚಿಕೊಂಡಾಗ ಹೊತ್ತು ತಂದದ್ದು ಯಾರು, ಅದರ ಫೋಟೊ ಯಾರ ಹತ್ತಿರವೂ ಇಲ್ಲ, ಆಗ ಯಾರ ಕೈಯಲ್ಲೂ ಫೋನಿರಲಿಲ್ಲ, ಈಗ ಎಲ್ಲರ ಕೈಯಲ್ಲೂ ಇದೆ, ಒಡೆದಾಗ ಇವನ ಮುಂದೆ ಬಂದು ಬೀಳುತ್ತದೆ, ಊರವರ ನಗುವಿಗೆಲ್ಲ ಗಾಜು ಹಾಕಿ ಕೊಟ್ಟದ್ದೇ ಬಂತು, ಊರಿಗೆ ಉಪಕಾರಿ ಮನೆಗೆ ಮಾರಿ. ಹೊಟ್ಟೆಕಿಚ್ಚು, ಹೌದು, ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರಿಲ್ಲ, ನಲವತ್ತೈದು ವರ್ಷದ ಗಂಡಸಿಗೆ ಒಡಹುಟ್ಟಿದವನ ಹಲ್ಲು ಕಂಡರೆ ಹೊಟ್ಟೆಯಲ್ಲಿ ಏಳುವ ಉರಿ. ತಮ್ಮನ ಮುಖದ ಮೇಲೆ ಬೆರಳೊತ್ತಿ ಹಿಡಿದ, ಸುಮ್ಮನೆ, ಫೋನು ಕೇಳಿತು, ಈ ವ್ಯಕ್ತಿಯನ್ನು ಕಡಿಮೆ ತೋರಿಸಬೇಕೆ. ಎಷ್ಟು ವಿನಯ. ಅಳಿಸುವುದಲ್ಲವಲ್ಲ, ಫೋಟೊ ಎಲ್ಲ ಇದ್ದಲ್ಲೇ ಇರುತ್ತವೆ, ಬರೀ ಕಡಿಮೆ, ಇವತ್ತೊಂದು ಸಂಜೆ ಕಡಿಮೆ, ಅವನೂ ಟಿವಿ ಮುಂದೆ ಕೂತು ತನ್ನನ್ನು ತಾನು ಹುಡುಕಲಿ, ಹೇಗಿರುತ್ತದೆಂದು ಗೊತ್ತಾಗಲಿ. ಹೌದು ಎಂಬುದನ್ನು ಒತ್ತಿದ.

ಚಕ್ರ ತಿರುಗಿತು, ಹೊಸ ವಿಡಿಯೊ ಬಂತು, ಹಾಡು ಅದೇ ಕುಣಿಯುವ ಹಾಡು. ಶಾಲೆಯ ವೇಳಾಪಟ್ಟಿ. ಚಪ್ಪಲಿ ಅಂಗಡಿಯಲ್ಲಿಟ್ಟ ಒಂದು ಜೊತೆ ಶೂ. ನಾಯಿ. ಹೆಂಡತಿ, ಬೆನ್ನು ಮಾತ್ರ, ಪಾತ್ರೆ ತೊಳೆಯುತ್ತಾ. ನಾಯಿ. ಮಗಳೆಲ್ಲಿ — ಅವಳು ನಕ್ಕಲ್ಲೆಲ್ಲ ಪಕ್ಕದಲ್ಲಿ ಅವನಿದ್ದ, ಅವನ ಜೊತೆ ಅವಳೂ ಹೋದಳು, ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು. ವಾಪಸು ಮಾಡುವ ಗುಂಡಿ ಎಲ್ಲಿಟ್ಟಿದ್ದಾರೆ, ಊರಿನ ಫೋನಿನ ಹೊಟ್ಟೆಯೆಲ್ಲ ಗೊತ್ತು, ಇದೊಂದು ಗೊತ್ತಿಲ್ಲ. ಫೋಟೊ ಕಡಿಮೆಯಾದದ್ದಕ್ಕೋ ಏನೋ ಒಂದೊಂದೂ ಹೆಚ್ಚು ಹೊತ್ತು ನಿಲ್ಲುತ್ತಿದೆ, ಕೊನೆಗೆ ಹಸಿರು ಬಂತು, ನಿಂತಿತು. ಸೋಫಾ ಅಲ್ಲ. ಈಗ ಮೊಣಕೈ ಊರಿರುವ ಇದೇ ಮೇಜಿನ ಮೇಲಿನ ರಬ್ಬರ್ ಹಾಸು, ಐದು ಸ್ಕ್ರೂ, ಬ್ಯಾಂಡೇಜು ಸುತ್ತಿದ ಎಡಗೈ ಹೆಬ್ಬೆರಳು. ಜೂನಿನಲ್ಲಿ ಇದೇ ಫೋನು ಒಡೆದಾಗ ಗಾಜು ಚುಚ್ಚಿತ್ತು, ರಿಪೇರಿಯಾದ ಮೇಲೆ ಕ್ಯಾಮೆರಾ ಸರಿಯಿದೆಯೇ ಎಂದು ಎದುರಿಗಿದ್ದದ್ದನ್ನು ಒಂದು ಫೋಟೊ ಹೊಡೆಯುವುದು, ಅಳಿಸಿ ಕೊಡುವುದು ಅವನ ರೂಢಿ, ಗಿರಾಕಿಗಳದ್ದು ಒಂದೂ ಬಿಟ್ಟವನಲ್ಲ, ಮಗಳದ್ದು ಮರೆತಿದ್ದ. ಅವಳೂ ಅಳಿಸಿಲ್ಲ. ಮೂಲೆಯಲ್ಲಿ ಅವಳು ಒತ್ತಿದ ಕೆಂಪು ಹೃದಯ, ಅದಕ್ಕೇ ಯಂತ್ರ ಜೂನಿನದನ್ನು ಕೊನೆಗಿಟ್ಟಿದೆ, ನಲವತ್ತರಲ್ಲಿ ಬೇರೆ ಯಾವುದಕ್ಕೂ ಇರಲಿಲ್ಲ, ತಮ್ಮನಿಗೂ ಇರಲಿಲ್ಲ. ಬಾಗಿಲಲ್ಲಿ ನೆರಳು, ಅಪ್ಪ, ಆಯ್ತಾ, ಅವಳ ಹಿಂದೆ ಅದೇ ಹಲ್ಲು, ಅಣ್ಣ, ಇವತ್ತು ಫೋನಿನ ಜೊತೆ ನಿನ್ನನ್ನೂ ಎತ್ಕೊಂಡು ಹೋಗೋಕೇ ಬಂದಿದೀವಿ, ಏಳು. ಅವಳು ಕೈ ಚಾಚಿದ್ದಾಳೆ. ಕೊಡಬೇಕು, ಕೊಟ್ಟರೆ ಸಂಜೆ ಟಿವಿಯಲ್ಲಿ ಚಿಕ್ಕಪ್ಪನೂ ಇಲ್ಲ ಅವಳೂ ಇಲ್ಲ, ಸ್ಕ್ರೀನಿನಿಂದ ಕಣ್ಣು ಕೀಳಲಾಗುತ್ತಿಲ್ಲ. ಹಸಿರು ಹಾಸು, ಐದು ಸ್ಕ್ರೂ, ಹೆಬ್ಬೆರಳು. ಏನಪ್ಪಾ, ಸರಿಯಾಗಿಲ್ವಾ. ಹಸಿರು ಹಾಸು, ಬ್ಯಾಂಡೇಜು ಸುತ್ತಿದ ಹೆಬ್ಬೆರಳು, ಹೆಬ್ಬೆರಳು