ಮಾಂತುವಿನ ಗುಳಿಗೆ

“ಹಾಕೋ ಬೋಳಿಮಗನ, ಕೊಳ್ಳಾಗ ಹಾಕೋ. ಫೋಟೋದಾಂವ ಕಾಯಾಕತ್ಯಾನ.”

ಬಸವಪ್ರಭು ಸಾವಕಾರರು ಸಭೆಯತ್ತ ನಗುತ್ತಲೇ ಹಲ್ಲಿನ ಸಂದಿಯಿಂದ ಬೈದರು. ಏಳು ವರ್ಷದ ಮಾಂತು ಹಾರ ಹಿಡಿದುಕೊಂಡು ಅವರ ಕುರ್ಚಿಯ ಮುಂದೆ ಕಲ್ಲಿನಂತೆ ನಿಂತಿದ್ದ. ಮುಖ ಕಾಣಲೆಂದು, ಸೋಂಕು ತಗಲದಿರಲೆಂದು ಹಾಕಿದ್ದ ಅವನ ಮಾಸ್ಕನ್ನು ಆಗಲೇ ಕಿತ್ತು ತೆಗೆದಿದ್ದರು.

ಸಾವಕಾರರು ನಡೆಸುವ ಪುಣೆಯ ಕನ್ನಡ ವ್ಯಾಪಾರಸ್ಥರ ಟ್ರಸ್ಟಿನಲ್ಲಿ ಇದು ವರ್ಷವರ್ಷದ ಪದ್ಧತಿ. ಉಪಕಾರ ಉಂಡವರು ಕೊಟ್ಟವರಿಗೆ ಹಾರ ಹಾಕಿ, ಕಾಲಿಗೆ ಬಿದ್ದು, ಮೈಕಿನಲ್ಲಿ ಎರಡು ಮಾತು ಹೇಳಬೇಕು. ಆಮೇಲೆ ಔಷಧದ ಚೀಲ. ಟ್ರಸ್ಟಿನ ದುಡ್ಡಿನಲ್ಲಿ ಮಾಂತುವಿಗೆ ಲಿವರಿನ ಕಸಿಯಾಗಿತ್ತು. ಲಿವರಿನ ತುಂಡು ಕೊಟ್ಟವಳು ತಾಯಿ ಗೌರಾಬಾಯಿ, ಕೋಥರೂಡದ ಅಪಾರ್ಟ್‌ಮೆಂಟುಗಳಲ್ಲಿ ಮೆಟ್ಟಿಲು ಗುಡಿಸುವವಳು. ಆದರೆ ಆ ತುಂಡು ಮಗನ ಮೈಗೆ ಒಗ್ಗಿರಬೇಕಾದರೆ ಬದುಕಿರುವ ತನಕ ಗುಳಿಗೆ ತಪ್ಪುವಂತಿಲ್ಲ. ಅವರ ಬಾಡಿಗೆ ಖೋಲಿಯಲ್ಲಿ ಇವತ್ತಿನ ರಾತ್ರಿಯ ಗುಳಿಗೆಯಷ್ಟೇ ಉಳಿದಿತ್ತು.

ನಿರೂಪಣೆ ಮಾಡುತ್ತಿದ್ದ ರಂಜನಾ ಮೈಕು ಹಿಡಿದಳು. “ಶಾಣ್ಯಾ, ಯಾವ ಸಾಲಿಗೆ ಹೋಗ್ತಿ ಹೇಳು.”

ಮಾಂತು ಮೈಕನ್ನು ಮೂಸಿ ನೋಡಿದ.

“ಸಾಲ್ಯಾಗ ತೊಗೊಳ್ಳಂಗಿಲ್ರಿ ಅಕ್ಕಾರ,” ಎಂದಳು ಮಗನ ಹಿಂದೆಯೇ ನಿಂತಿದ್ದ ಗೌರಾಬಾಯಿ. “ಹೇಳಿದ್ದು ತಲ್ಯಾಗ ಉಳಿಯೂದಿಲ್ಲ ಅಂತಾರ.”

ಸಾವಕಾರರು ಮೈಕು ಎಳೆದುಕೊಂಡರು. “ಲಿವರ ಹೊಸಾದು ಹಾಕಿಸಿದ್ವಿ. ತಲಿ ಎಲ್ಲಿಂದ ತರೂನು?”

ಸಭೆ ನಕ್ಕಿತು. ಎಲ್ಲರೂ ನಗುವುದನ್ನು ಕಂಡು ಮಾಂತುವೂ ನಕ್ಕ. ಮುಂದಿನ ಸಾಲಿನ ಒಬ್ಬರು, “ಹೊಳ್ಯಾಗ ಹುಣಸಿಹಣ್ಣ ತೊಳದಂಗ ಆತ ಬಿಡ್ರಿ. ಯಾವರೆ ಶಾಣ್ಯಾ ಹುಡುಗಗ ಹಾಕಬೇಕಿತ್ತು ಆ ರೊಕ್ಕ,” ಎಂದರು.

ಗೌರಾಬಾಯಿ ಮೈಕಿಗೆ ಕೈ ಹಾಕಿದಳು.

“ಹುಟ್ಟಾ ದಡ್ಡ ಇರಲಿಲ್ಲರಿ ಇಂವ. ಗಿಣಿ ಮಾತಾಡಿದಂಗ ಮಾತಾಡತಿದ್ದ. ರೊಕ್ಕ ಕೂಡಿತ್ತು, ದವಾಖಾನಿ ತಯಾರಿತ್ತು. ತಡದಾಂವ ನೀನ, ಸಾವಕಾರ. ಟ್ರಸ್ಟಿನ ಬೆಳ್ಳಿಹಬ್ಬ ಬರಲಿ, ಸ್ಟೇಜಿನ ಮ್ಯಾಲೆ ಚೆಕ್ ಕೊಡತೀನಿ ಅಂದಿ. ನಿನ್ನ ಹಬ್ಬ ಬರೂದ್ರಾಗ ಲಿವರ ಪೂರಾ ಕೆಟ್ಟು ಕಾಮಣಿ ವಿಷ ನನ್ನ ಕೂಸಿನ ಮಿದುಳಿಗೆ ಏರಿತ್ತು. ಡಾಕ್ಟರನ್ನ ಕೇಳು ಹೋಗು.”

ಮೈಕು ಸತ್ತಿತು. ಯಾರೋ ತಂತಿ ಕಿತ್ತಿದ್ದರು.

“ಉಂಡ ಮನಿ ಜಂತಿ ಎಣಸ್ತಿ ಏನಲೇ ರಂಡಿ?” ಸಾವಕಾರರ ನಗು ಈಗ ಇಳಿದಿತ್ತು. “ರಂಜನಾ, ಆ ಚೀಲ ನನ್ನ ಗಾಡ್ಯಾಗ ಇಡಸು. ಕಾಲಿಗೆ ಬಿದ್ದು ತಪ್ಪಾತು ಅನ್ನಲಿ, ಆಮ್ಯಾಲೆ ನೋಡೂನು.”

“ಬೀಳಂಗಿಲ್ಲ. ಗುಳಿಗಿ ಬರೂತನಕಾ ಇಲ್ಲಿಂದ ಏಳಂಗೂ ಇಲ್ಲ.”

ಅವಳು ಮಗನನ್ನು ತೊಡೆಗೆಳೆದುಕೊಂಡು ವೇದಿಕೆಯ ನಡುವೆ ಕೂತುಬಿಟ್ಟಳು. ಚೀಲ ಹೊರಗೆ ಹೋಯಿತು. ಜನ ಊಟಕ್ಕೆದ್ದರು; ಹೋಳಿಗೆಯ ತುಪ್ಪದ ವಾಸನೆಗೆ ಮಾಂತು ಬಾಯಿ ಚಪ್ಪರಿಸಿದ. ದೀಪಗಳು ಆರಿದವು.

ಸಭಾಂಗಣದ ಇಬ್ಬರು ಆಳುಗಳು ಜಮಖಾನೆ ಸುತ್ತುತ್ತ ಅವಳವರೆಗೆ ಬಂದರು. “ಉಠಾ ಮಾವಶಿ,” ಏಳು ಅಂತ ಮರಾಠಿಯಲ್ಲಿ ಹೇಳಿದ ಒಬ್ಬ, ಮೆಲ್ಲಗೆ.

ಅವಳು ಏಳಲಿಲ್ಲ. ಇಬ್ಬರೂ ಸೇರಿ ಎಳೆದರು. ಲಿವರಿನ ತುಂಡು ತೆಗೆದ ಕಡೆ ಅವಳ ಹೊಟ್ಟೆಯ ಕೊಯ್ತ ಚುಳ್ ಎಂದಿತು. ಅವಳು ಮಗನನ್ನು ಅವುಚಿಕೊಂಡು ಮೈಯ ಭಾರವನ್ನೆಲ್ಲ ಕೆಳಗೆ ಬಿಟ್ಟಳು.